ಹರಿಹರದ ಲೇತ್, ನಮ್ಮೂರಿನ ಶೆಡ್ಡು

ಅಡಿಕೆ ಸುಲಿಯುವ ಮಿಷನ್ನಿನ ಶಾಫ್ಟ್ ತುಂಡಾದರೆ, ಪಂಪಿನ ಬುಷ್ ಸವೆದರೆ, ಟ್ರ್ಯಾಕ್ಟರ್ ಟ್ರೈಲರಿನ ಹಬ್ ಕೈಕೊಟ್ಟರೆ ನಾವೆಲ್ಲ ಓಡುವುದು ಲೇತ್ ಅಂಗಡಿಗೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಲೇತ್ ಸಿಗುತ್ತದೆ. ಕೆಲವು ಅಂಗಡಿ ಸಾಲಿನಲ್ಲಿ, ಕೆಲವು ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ. ಕೆಲಸ ಮುಗಿಯುವವರೆಗೆ ಟೀ ಕುಡಿಯುತ್ತಾ ನಿಲ್ಲುತ್ತೇವೆ, ದುಡ್ಡು ಕೊಟ್ಟು ಬರುತ್ತೇವೆ. ಯಂತ್ರದ ಮುಂದೆ ಗ್ರೀಸು, ಬಣ್ಣದಡಿ ಮುಚ್ಚಿಹೋದ ಅಕ್ಷರ ಓದುವವರು ಕಡಿಮೆ. ಲೇತ್ ಹಳೆಯದಾದರೆ ಅಲ್ಲಿ ಬಹಳ ಸಲ ಇರುವ ಹೆಸರು ಕಿರ್ಲೋಸ್ಕರ್, ಅದು ಹುಟ್ಟಿದ ಊರು ಹರಿಹರ.

ಈಗ ಇಂಥ ಲೇತ್‌ಗಳು ಒಂದೊಂದಾಗಿ ಗುಜರಿ ತಕ್ಕಡಿ ಏರುತ್ತಿವೆ. ಅಪ್ಪ ತೀರಿಕೊಂಡರು, ಮಗ ಬೆಂಗಳೂರಿನಲ್ಲಿದ್ದಾನೆ, ಶೆಡ್ಡಿಗೆ ಕಾರು ನಿಲ್ಲಿಸಬೇಕು. ಟನ್ನಿನ ಲೆಕ್ಕದ ಬೀಡು ಕಬ್ಬಿಣ, ಕೆಜಿಗೆ ಇಷ್ಟು ಎಂದು ತೂಗಿ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಗುಜರಿಗೆ ಹೋಗುವುದನ್ನು ತಡೆದು ಮನೆಗೆ ತಂದು ರಿಪೇರಿ ಮಾಡುತ್ತಿದ್ದಾರೆ. ಇದು ಹುಚ್ಚೋ, ಲೆಕ್ಕಾಚಾರವೋ ಎಂದು ತಿಳಿಯಬೇಕಾದರೆ ಈ ಯಂತ್ರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ತಿರುಗಿಸಿ ಕೆತ್ತುವ ವಿದ್ಯೆ ನಮ್ಮ ಕಡೆಗೆ ಹೊಸದಲ್ಲ. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಸ್ಥಾನಕ್ಕೆ ಹೋದವರು ಮಂಟಪದ ಕಂಬಗಳನ್ನು ನೋಡಿರುತ್ತೀರಿ. ಗುಂಡಗೆ, ನುಣ್ಣಗೆ, ಮುಖ ಕಾಣುವಷ್ಟು ಹೊಳಪು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಗುಡಿ ಅದು. ಅಂಥವನ್ನು ತಿರುಗಿಸಿ ಕಡೆದ ಕಂಬಗಳು ಎನ್ನುತ್ತಾರೆ. ಮಜ್ಜಿಗೆ ಕಡೆಯುವುದಕ್ಕೂ ಕಂಬ ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಎರಡರಲ್ಲೂ ತಿರುಗುವುದೇ ಕೆಲಸ ತಾನೆ!

ಆದರೆ ಕಲ್ಲು, ಮರ ಕಡೆಯುವುದು ಬೇರೆ, ಕಬ್ಬಿಣದ ಮೇಲೆ ಅಳತೆಗೆ ಸರಿಯಾಗಿ ಮರೆ ಹೊಡೆಯುವುದು ಬೇರೆ. ಅದಕ್ಕೆ ಉಳಿಯನ್ನು ಕೈಯಲ್ಲಿ ಹಿಡಿದರೆ ಆಗದು, ಯಂತ್ರವೇ ಹಿಡಿದು ಒಂದೇ ವೇಗದಲ್ಲಿ ನಡೆಸಬೇಕು. ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ ಎಂಬ ಕುಶಲಿ 1800ರ ಆಸುಪಾಸಿನಲ್ಲಿ ಇದನ್ನು ಗಟ್ಟಿಯಾಗಿ ಸಾಧಿಸಿದ. ಲೇತಿನ ಉದ್ದಕ್ಕೂ ಇರುವ ಲೀಡ್ ಸ್ಕ್ರೂ, ಅದು ಎಳೆದೊಯ್ಯುವ ಕ್ಯಾರೇಜ್, ಎರಡನ್ನೂ ಚಕ್ಕಿನ ಜೊತೆ ಕೂಡಿಸುವ ಗೇರು. ಇವತ್ತಿಗೂ ನಮ್ಮೂರಿನ ಲೇತಿನ ಒಳಗುಟ್ಟು ಇಷ್ಟೇ.

ಹರಿಹರಕ್ಕೆ ಇದು ಬಂದ ದಾರಿ ಬೆಳಗಾವಿ ಕಡೆಯಿಂದ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಮಹಾರಾಷ್ಟ್ರದ ಕಡೆ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಮರದ ನೇಗಿಲು ಬಿಟ್ಟು ಕಬ್ಬಿಣದ್ದು ಕೊಳ್ಳಲು ರೈತರು ಮೊದಮೊದಲು ಹಿಂದೆಮುಂದೆ ನೋಡಿದರಂತೆ. ನಮ್ಮವರು ಸುಮ್ಮನೆ ಯಾವುದನ್ನೂ ನಂಬುವವರಲ್ಲ, ಅದು ಒಳ್ಳೆಯದೇ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಿದೇಶದಿಂದ ಯಂತ್ರ ಬರುವುದು ಕಷ್ಟವಾಯಿತು. ಅದೇ ಹೊತ್ತಿಗೆ ಇಲ್ಲಿ ಲೇತ್‌ಗೆ ಬೇಡಿಕೆ ಏರಿತು. 1941ರಲ್ಲಿ ಮೈಸೂರು ಸಂಸ್ಥಾನದ ಗಡಿಯ ಊರಾದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಸರ್ಕಾರದ ಎಚ್‌ಎಂಟಿ ಬೆಂಗಳೂರಿನಲ್ಲಿ ಶುರುವಾದದ್ದು 1953ರಲ್ಲಿ. ಅಂದರೆ ಬೆಂಗಳೂರಿಗಿಂತ 12 ವರ್ಷ ಮೊದಲೇ ತುಂಗಭದ್ರೆಯ ದಡದಲ್ಲಿ ಲೇತ್ ತಯಾರಿಸುವ ಕೆಲಸಕ್ಕೆ ಕೈಹಾಕಿದ್ದರು. ಇದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಟ್ಟ ನೆನಪು ನಮಗ್ಯಾರಿಗೂ ಇಲ್ಲ.

ಬೀರೂರು ಜಂಕ್ಷನ್ನಿನಲ್ಲಿ ನಿಂತು ನೋಡಿ, ಹಳಿ ಎರಡಾಗುತ್ತದೆ. ಒಂದು ಅಜ್ಜಂಪುರ, ಚಿಕ್ಕಜಾಜೂರು, ದಾವಣಗೆರೆ ದಾಟಿ ಹರಿಹರಕ್ಕೆ. ಇನ್ನೊಂದು ತರೀಕೆರೆ ಮೇಲೆ ಭದ್ರಾವತಿಗೆ. ಭದ್ರಾವತಿ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಇಳಿಯಲು ಶುರುವಾಯಿತು, ಅದಿರು ಹೋಗುತ್ತಿದ್ದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಒಂದು ಹಳಿಯ ತುದಿಯಲ್ಲಿ ಕಬ್ಬಿಣ, ಇನ್ನೊಂದರ ತುದಿಯಲ್ಲಿ ಲೇತ್, ನಡುವೆ ನಾವು. ಹರಿಹರದ ಮಾಲು ಇಷ್ಟೊಂದು ನಮ್ಮ ಊರುಗಳಿಗೆ ಬಂದು ಕೂತದ್ದು ಆಶ್ಚರ್ಯವೇನಲ್ಲ.

ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಕಾಲ ಬಂದಿತ್ತು, ಸಾಲವೂ ಸೇರಿಕೊಂಡಿತ್ತು. ನಮ್ಮ ಶೆಡ್ಡುಗಳ ಮಟ್ಟಿಗೆ ಅದರ ಅರ್ಥ ಒಂದೇ. ಲೇತ್ ಹುಟ್ಟಿದ ಮನೆಯಿಂದ ಬಿಡಿಭಾಗ ಬರುವುದು ನಿಂತಿತು. ಗೇರಿನ ಹಲ್ಲು ಮುರಿದರೆ, ನಟ್ ಸವೆದರೆ, ಇನ್ನೊಂದು ಲೇತ್ ಹುಡುಕಿಕೊಂಡು ಹೋಗಿ ಮಾಡಿಸಬೇಕು.

ನಾವು ಈ ಬರಹಕ್ಕಾಗಿ ನೋಡಿದ ಒಂದು ಲೇತ್ ಅಜ್ಜಂಪುರ ತಾಲ್ಲೂಕಿನ ಹಳ್ಳಿಯೊಂದರ ಮನೆ ಹಿಂದಿದೆ. ಮಾಲೀಕರು ಹೆಸರು ಬೇಡ ಎಂದರು. ಐಟಿಐ ಟರ್ನರ್, ಸಂಜೆ ಹೊತ್ತು ಮಾತ್ರ ಕೆಲಸ. ಅವರು ಮೊದಲು ಮಾಡಿದ್ದು ಬಣ್ಣ ಕೆರೆದದ್ದು. "ಗುಜರಿಯವರು ಬಣ್ಣ ಹೊಡೆದು ಮಾರ್ತಾರಣ್ಣ. ಬಣ್ಣ ನೋಡಿ ತಗೊಂಡ್ರೆ ಎಮ್ಮೆ ನೀರಲ್ಲಿದ್ದಾಗ ವ್ಯಾಪಾರ ಮಾಡಿದಂಗೆ" ಎಂದರು.

ನೋಡಬೇಕಾದದ್ದು ಬೆಡ್. ಹೆಚ್ಚಿನ ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಆ ತುದಿಯಲ್ಲೇ ಸವೆಯುತ್ತದೆ, ಟೇಲ್‌ಸ್ಟಾಕ್ ಕಡೆ ಹೊಸದರಂತೆ ಉಳಿದಿರುತ್ತದೆ. ಕ್ಯಾರೇಜನ್ನು ಕೈಯಿಂದ ಆ ತುದಿಯಿಂದ ಈ ತುದಿಗೆ ಓಡಿಸಿ ನೋಡಿ. ಚಕ್ಕಿನ ಬಳಿ ಸಡಿಲ ಇದೆಯೆಂದು ಬಿಗಿ ಮಾಡಿದರೆ ಇನ್ನೊಂದು ತುದಿಯಲ್ಲಿ ಕಚ್ಚಿಕೊಳ್ಳುತ್ತದೆಯೇ? ಹಾಗಾದರೆ ಬೆಡ್ ಸವೆದಿದೆ ಎಂದೇ ಅರ್ಥ. ಅದನ್ನು ಸರಿಮಾಡಲು ದೊಡ್ಡ ಗ್ರೈಂಡಿಂಗ್ ಯಂತ್ರ ಇರುವ ಊರಿಗೆ ಸಾಗಿಸಬೇಕು, ಇಲ್ಲವೇ ನೀಲಿ ಬಣ್ಣ ಸವರಿ, ಉಬ್ಬು ಎಲ್ಲಿದೆ ನೋಡಿ, ಕೈಯಲ್ಲೇ ಸ್ಕ್ರೇಪರ್ ಹಿಡಿದು ಕೆರೆಯಬೇಕು. ವಾರಗಟ್ಟಲೆ ಹಿಡಿಯುವ, ಬೆನ್ನು ಮುರಿಯುವ ಕೆಲಸ. ಅದನ್ನು ಬಲ್ಲ ಹಳೆ ಫಿಟ್ಟರ್‌ಗಳಿಗೆ ಈಗ ವಯಸ್ಸಾಗಿದೆ.

ಆದರೆ ಎಲ್ಲ ದೋಷವೂ ಸವೆತವಲ್ಲ. ಲೇತನ್ನು ಸಮತಟ್ಟಾಗಿ ಕೂರಿಸದಿದ್ದರೆ ಬೆಡ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಆಗ ಕಡೆದ ಸಲಾಕೆ ಒಂದು ತುದಿಯಲ್ಲಿ ದಪ್ಪ, ಒಂದು ತುದಿಯಲ್ಲಿ ಸಣ್ಣ ಬರುತ್ತದೆ. ಅಷ್ಟಕ್ಕೇ ಯಂತ್ರ ಹೋಯಿತು ಎಂದು ಮಾರಿಬಿಟ್ಟರೆ ನಷ್ಟ. ಮೊದಲು ಗಟ್ಟಿ ಕಾಂಕ್ರೀಟ್ ನೆಲ, ಕಾಲಿನಡಿ ಸರಿಯಾದ ಪ್ಯಾಕಿಂಗ್, ಒಳ್ಳೆಯ ಲೆವೆಲ್. ಆಮೇಲೆ ತೀರ್ಮಾನ.

ಅವರ ಲೇತಿನಲ್ಲಿ ಹೋಗಿದ್ದು ಕ್ರಾಸ್ ಸ್ಲೈಡಿನ ನಟ್. ಹ್ಯಾಂಡಲ್ ಕಾಲು ಸುತ್ತು ತಿರುಗಿದರೂ ಉಳಿ ಅಲುಗುತ್ತಿರಲಿಲ್ಲ. ಗನ್‌ಮೆಟಲ್ ತುಂಡು ತಂದು, ತರೀಕೆರೆಯ ಸ್ನೇಹಿತರ ಲೇತಿನಲ್ಲಿ ಹೊಸ ನಟ್ ಕಡೆದರು. ಆ ಸ್ನೇಹಿತರ ಲೇತಿಗೆ ಬೇಕಾದ ಬುಷ್ ಈಗ ಇವರ ಲೇತಿನಲ್ಲಿ ತಯಾರಾಗುತ್ತಿದೆ. ಕಾರ್ಖಾನೆ ಮುಚ್ಚಿದ ಮೇಲೆ ಹರಿಹರದ ಯಂತ್ರಗಳು ಬದುಕಿರುವುದು ಹೀಗೆ.

ಇನ್ನೊಂದು ತೊಡಕು ಅಳತೆಯದು. 1956ರ ಕಾಯ್ದೆಯ ನಂತರ ದೇಶ ಮೀಟರಿಗೆ ಬಂತು, ಹಳೆಯ ಲೇತುಗಳ ಲೀಡ್ ಸ್ಕ್ರೂ ಇಂಚಿನಲ್ಲೇ ಉಳಿಯಿತು. ಮಿಲಿಮೀಟರ್ ಮರೆ ಹೊಡೆಯಲು ಏನು ಮಾಡುವುದು? ಒಂದು ಇಂಚು ಎಂದರೆ 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಆದ್ದರಿಂದ 127 ಹಲ್ಲಿನ ಒಂದು ಗೇರು ಇದ್ದರೆ ಸಾಕು. ಇಂಚಿಗೆ 4 ಮರೆಯ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ 20 ಹಲ್ಲಿಗೆ 127 ಹಲ್ಲು ಅನುಪಾತ ಬರುವಂತೆ ಗೇರು ಹಾಕಿದರೆ ಸರಿಯಾಗಿ 1 ಮಿ.ಮೀ. ಮರೆ ಬೀಳುತ್ತದೆ. ಹಳೆ ಲೇತ್ ಕೊಳ್ಳುವವರು ಈ ದೊಡ್ಡ ಗೇರು ಜೊತೆಗಿದೆಯೇ ಎಂದು ಕೇಳಿ. ಮೂಲೆಯಲ್ಲಿ ಬಿದ್ದಿರುತ್ತದೆ, ಮಾರುವವರಿಗೆ ಅದೇನೆಂದು ಗೊತ್ತಿರುವುದಿಲ್ಲ.

ಕರೆಂಟಿನ ಕಥೆ ನಿಮಗೆ ಹೇಳಬೇಕಿಲ್ಲ. ಮನೆಗೆ ಬರುವುದು ಸಿಂಗಲ್ ಫೇಸ್, ಲೇತಿನ ಮೋಟರಿಗೆ ಬೇಕಾದದ್ದು ತ್ರೀ ಫೇಸ್. ಇದಕ್ಕೆ ಈಗ ವಿಎಫ್‌ಡಿ ಎಂಬ ಡಬ್ಬ ಬಂದಿದೆ. ಸಿಂಗಲ್ ಫೇಸ್ ಕೊಟ್ಟರೆ ಅದು ತ್ರೀ ಫೇಸ್ ಮಾಡಿ ಕೊಡುತ್ತದೆ, ವೇಗವನ್ನೂ ಬೇಕಾದಂತೆ ಇಳಿಸಿ ಏರಿಸಬಹುದು. ಒಂದೆರಡು ಎಚ್‌ಪಿ ಮೋಟರಿಗೆ ಸಾಕು. ಆದರೆ ಆ ಡಬ್ಬ ಹೊರಗೆ ಕೊಡುವುದೂ 230 ವೋಲ್ಟೇ. ಸ್ಟಾರ್ ಕನೆಕ್ಷನ್ನಿನಲ್ಲಿ 415 ವೋಲ್ಟಿಗೆ ಓಡುತ್ತಿದ್ದ ಮೋಟರನ್ನು ಡೆಲ್ಟಾಕ್ಕೆ ಬದಲಾಯಿಸಬೇಕು, ಇದನ್ನು ಬಲ್ಲ ಎಲೆಕ್ಟ್ರಿಷಿಯನ್ನರೇ ಮಾಡಲಿ. ಇನ್ನೂ ಒಂದು ಎಚ್ಚರ. ಹಳೆಯ ಲೇತುಗಳಲ್ಲಿ ಚಕ್ ಮರೆಯ ಮೇಲೆ ಸುತ್ತಿ ಕೂರಿಸಿದ್ದಿದ್ದರೆ, ವಿಎಫ್‌ಡಿಯಿಂದ ಗಕ್ಕನೆ ನಿಲ್ಲಿಸಿದರೂ ಉಲ್ಟಾ ತಿರುಗಿಸಿದರೂ ಚಕ್ ಬಿಚ್ಚಿಕೊಂಡು ಹಾರುವ ಅಪಾಯವಿದೆ. ಅದು ಕಾಲ ಮೇಲೆ ಬೀಳುವ ವಸ್ತುವಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಬೆಡ್ ಬಿರುಕು ಬಿಟ್ಟಿದ್ದರೆ, ಹೆಡ್‌ಸ್ಟಾಕಿನ ಗೇರುಗಳೆಲ್ಲ ಹೋಗಿದ್ದರೆ ಗುಜರಿಗೆ ಕೊಡುವುದೇ ಸರಿ, ಭಾವುಕರಾಗಬೇಕಿಲ್ಲ. ಬೆಡ್ ಚೆನ್ನಾಗಿದ್ದು ಬುಷ್, ನಟ್, ಬೆಲ್ಟ್ ಮಾತ್ರ ಹೋಗಿದ್ದರೆ ತೂಕಕ್ಕೆ ಹಾಕುವ ಮೊದಲು ಪಕ್ಕದೂರಿನ ಟರ್ನರ್ ಒಬ್ಬರನ್ನು ಕರೆದು ತೋರಿಸಿ. ಅಜ್ಜಂಪುರದ ಆ ಶೆಡ್ಡಿನಲ್ಲಿ ನಾವು ನೋಡಿದ ದಿನ ಚಕ್ಕಿನಲ್ಲಿ ಸಿಕ್ಕಿಸಿದ್ದದ್ದು ಈರುಳ್ಳಿ ಗದ್ದೆಯೊಂದರ ಪಂಪಿನ ಶಾಫ್ಟು. ಹೊಸದಕ್ಕೆ ದಾವಣಗೆರೆಗೆ ಹೋಗಿ ಬರುವಷ್ಟರಲ್ಲಿ ಬೆಳೆಗೆ ಎರಡು ನೀರು ತಪ್ಪುತ್ತಿತ್ತು. ಶಾಫ್ಟಿನ ಮಾಲೀಕರು ಬಾಗಿಲಲ್ಲಿ ಬೈಕ್ ಸ್ಟಾರ್ಟ್ ಮಾಡಿಕೊಂಡೇ ಕಾಯುತ್ತಿದ್ದರು.