ಮುಳುಗಿದ ಹಡಗಿನ ವಿಚಾರಣೆಗೆ ಕುಳಿತವರು

1912ರ ಏಪ್ರಿಲ್ 14ರ ರಾತ್ರಿ ಹಿಮಬಂಡೆಗೆ ತಾಗಿದ ಟೈಟಾನಿಕ್ ಹಡಗು ಎರಡು ಗಂಟೆ ನಲವತ್ತು ನಿಮಿಷಗಳಲ್ಲಿ ಅಟ್ಲಾಂಟಿಕ್ ಸಾಗರದ ಪಾಲಾದ ಕಥೆಯನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಆದರೆ ಸುಮಾರು 1,500 ಜನರ ಸಾವಿಗೆ ಕಾರಣವೇನೆಂದು ವಿಚಾರಿಸಲು ಕುಳಿತವರು ಯಾರು, ಅವರನ್ನು ಆರಿಸಿದವರು ಯಾರು, ಆ ಕಾರ್ಯಕ್ಕೆ ಅವರಲ್ಲಿದ್ದ ಅರ್ಹತೆ ಯಾವುದು ಎಂದು ನಾವು ಕೇಳುವುದು ಅಪರೂಪ. ಸತ್ತವರಿಗೆ ಸಲ್ಲಬೇಕಾದ ನ್ಯಾಯ ಈ ಪ್ರಶ್ನೆಗಳನ್ನೇ ಅವಲಂಬಿಸಿತ್ತು.

ಮೊದಲು ವಿಚಾರಣೆಗೆ ತೊಡಗಿದ್ದು ಅಮೆರಿಕದ ಸೆನೆಟ್. ಬದುಕುಳಿದವರನ್ನು ಹೊತ್ತ ಕಾರ್ಪೇಥಿಯ ಹಡಗು ನ್ಯೂಯಾರ್ಕ್ ತಲುಪಿದ ಮರುದಿನ ಬೆಳಿಗ್ಗೆಯೇ, ಏಪ್ರಿಲ್ 19ರಂದು, ಸೆನೆಟರ್ ವಿಲಿಯಂ ಆಲ್ಡೆನ್ ಸ್ಮಿತ್ ಸಾಕ್ಷಿಗಳನ್ನು ಕರೆಸಿದರು. ಸ್ಮಿತ್ ಮಿಷಿಗನ್ ರಾಜ್ಯದ ವಕೀಲರು. ಕಡಲಿನ ವಿದ್ಯೆ ಅವರದಲ್ಲ. ಹಿಮಬಂಡೆ ಯಾವುದರಿಂದ ಆಗಿರುತ್ತದೆ ಎಂದು ಹಡಗಿನ ಅಧಿಕಾರಿಯೊಬ್ಬರನ್ನು ಕೇಳಿ, ಹಿಮದಿಂದ ಎಂಬ ಉತ್ತರ ಪಡೆದರು. ಬ್ರಿಟಿಷ್ ಪತ್ರಿಕೆಗಳು ಅವರನ್ನು ಮನಸಾರೆ ಗೇಲಿ ಮಾಡಿದವು. ಆದರೂ ನೆನಪು ಹಸಿಯಾಗಿರುವಾಗಲೇ 80ಕ್ಕೂ ಹೆಚ್ಚು ಜನರ ಹೇಳಿಕೆ ದಾಖಲಾದದ್ದು ಈ ಅನನುಭವಿಯ ಅವಸರದಿಂದಲೇ. ಮೂರನೆಯ ದರ್ಜೆಯ ಮೂವರು ಪ್ರಯಾಣಿಕರೂ ಅಲ್ಲಿ ಸಾಕ್ಷಿ ನುಡಿದರು.

ಲಂಡನ್ನಿನ ವಿಚಾರಣೆಯ ರೀತಿ ಬೇರೆ. ನೌಕಾನಾಶ ಆಯುಕ್ತರಾಗಿ ನೇಮಕಗೊಂಡ ನ್ಯಾಯಮೂರ್ತಿ ಲಾರ್ಡ್ ಮರ್ಸಿಯವರ ಜೊತೆಗೆ ಐವರು ಪರಿಣತ ಸಲಹೆಗಾರರು ಕುಳಿತರು. ಅವರಲ್ಲಿ ನೌಕಾಪಡೆಯ ರಿಯರ್ ಅಡ್ಮಿರಲ್ ಒಬ್ಬರು, ಅನುಭವಿ ನಾವಿಕರಿಬ್ಬರು, ಹಡಗಿನ ಯಂತ್ರಗಳನ್ನು ಬಲ್ಲ ಇಂಜಿನಿಯರ್ ಒಬ್ಬರು ಇದ್ದರು. ಐದನೆಯವರು ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ನೌಕಾನಿರ್ಮಾಣ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಬೈಲ್ಸ್. ಕಾನೂನು ಬಲ್ಲವನಿಗೆ ಕಡಲು ಬಲ್ಲವರು ನೆರವಾಗಬೇಕೆಂಬ ಈ ಪದ್ಧತಿ ನಮ್ಮ ದೇಶದ 1958ರ ವಾಣಿಜ್ಯ ನೌಕಾ ಕಾಯಿದೆಯಲ್ಲಿಯೂ ಸ್ಥಾನ ಪಡೆದಿತ್ತು. ಇಬ್ಬರಿಗಿಂತ ಕಡಿಮೆಯಲ್ಲದ, ನಾಲ್ವರಿಗಿಂತ ಹೆಚ್ಚಲ್ಲದ ಸಲಹೆಗಾರರು ನ್ಯಾಯಾಲಯದೊಡನೆ ಕುಳಿತಿರಬೇಕೆಂದು ಅದು ವಿಧಿಸಿತ್ತು.

ಪರಿಣತಿಯ ಫಲ ಕಾಣದೆ ಇರಲಿಲ್ಲ. ಹಡಗು ಕಟ್ಟಿದ ಸಂಸ್ಥೆಯ ಶಿಲ್ಪಿ ಎಡ್ವರ್ಡ್ ವೈಲ್ಡಿಂಗ್, ನೀರು ನುಗ್ಗಿದ ವೇಗವನ್ನು ಲೆಕ್ಕಹಾಕಿ, ಹಡಗಿನ ಒಡಲಲ್ಲಾದ ತೆರಪುಗಳೆಲ್ಲ ಸೇರಿ ಸುಮಾರು 12 ಚದರ ಅಡಿಗಿಂತ ಹೆಚ್ಚಿರಲಾರದು ಎಂದು ಮಂಡಳಿಯ ಮುಂದೆ ಹೇಳಿದರು. ಹಡಗಿನ ಪಕ್ಕೆಯೇ ಉದ್ದಕ್ಕೆ ಸೀಳಿಹೋಯಿತೆಂದು ಜನ ನಂಬಿದ್ದ ಕಾಲವದು. 84 ವರ್ಷಗಳ ಬಳಿಕ, 1996ರಲ್ಲಿ, ಶಬ್ದತರಂಗಗಳ ನೆರವಿನಿಂದ ಅವಶೇಷವನ್ನು ಪರೀಕ್ಷಿಸಿದಾಗ ಕಂಡದ್ದು ತೆಳುವಾದ ಕೆಲವು ಬಿರುಕುಗಳು ಮಾತ್ರ; ಅಳತೆಯೂ ಹೆಚ್ಚುಕಡಿಮೆ ವೈಲ್ಡಿಂಗ್ ಹೇಳಿದಷ್ಟೇ ಇತ್ತು.

ಆದರೆ ವಿಚಾರಣೆಯ ಬುಡದಲ್ಲೇ ಒಂದು ತೊಡಕಿತ್ತು. ವಿಚಾರಣೆಯನ್ನು ಏರ್ಪಡಿಸಿ ನಡೆಸಿದ್ದು ಬೋರ್ಡ್ ಆಫ್ ಟ್ರೇಡ್ ಎಂಬ ಸರಕಾರಿ ಇಲಾಖೆ. ಜೀವರಕ್ಷಕ ದೋಣಿಗಳ ನಿಯಮ ರೂಪಿಸಿದ್ದೂ ಅದೇ. 1894ರ ಆ ನಿಯಮದ ಪ್ರಕಾರ 10,000 ಟನ್ನಿಗೆ ಮೇಲ್ಪಟ್ಟ ಹಡಗಿಗೆ, ಅದು ಎಷ್ಟೇ ದೊಡ್ಡದಿರಲಿ, 16 ದೋಣಿಗಳಿದ್ದರೆ ಸಾಕು. ಟೈಟಾನಿಕ್ ಇದ್ದದ್ದು 46,328 ಟನ್. ಅದರಲ್ಲಿದ್ದ 20 ದೋಣಿಗಳಿಗೆ ಹಿಡಿಸುತ್ತಿದ್ದವರು 1,178 ಜನ. ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ಕಾನೂನು ಪಾಲನೆಯಾಗಿತ್ತು, ಜನ ಸತ್ತಿದ್ದರು! ಹದಿನೆಂಟು ವರ್ಷ ನಿಯಮವನ್ನು ತಿದ್ದದೆ ಉಳಿಸಿದ್ದಕ್ಕೆ ಮರ್ಸಿ ವರದಿ ಇಲಾಖೆಯನ್ನು ಆಕ್ಷೇಪಿಸಿತು, ನಿಜ. ಆದರೆ ಆ ಮಾತು ಇನ್ನಷ್ಟು ಕಟುವಾಗಿರಬೇಕಿತ್ತೆಂದು ನನ್ನ ಅನಿಸಿಕೆ. ತನ್ನದೇ ನಿಯಮದ ತಪ್ಪನ್ನು ಹುಡುಕುವ ವಿಚಾರಣೆಯನ್ನು ಇಲಾಖೆಯೇ ನಡೆಸಿದರೆ, ಪೀಠದಲ್ಲಿ ಕುಳಿತವರು ಎಷ್ಟೇ ಪ್ರಾಮಾಣಿಕರಾದರೂ ಸಂಶಯ ಉಳಿಯುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತಲೂ ನೋಯಿಸುವಂಥದು. ಮರ್ಸಿಯವರ ಲೆಕ್ಕದಂತೆಯೇ ಮೊದಲ ದರ್ಜೆಯ 325 ಜನರಲ್ಲಿ 203 ಮಂದಿ ಉಳಿದರು; ಮೂರನೆಯ ದರ್ಜೆಯ 706 ಜನರಲ್ಲಿ ಉಳಿದವರು 178 ಮಂದಿ. 36 ದಿನಗಳ ಕಲಾಪದಲ್ಲಿ 25 ಸಾವಿರಕ್ಕೂ ಮಿಕ್ಕಿ ಪ್ರಶ್ನೆಗಳನ್ನು ಕೇಳಲಾಯಿತು. ಆದರೆ ಸಾಕ್ಷಿ ನುಡಿಯಲು ಬಂದ ಪ್ರಯಾಣಿಕರು ಡಫ್ ಗೋರ್ಡನ್ ದಂಪತಿ ಮತ್ತು ಹಡಗಿನ ಸಂಸ್ಥೆಯ ಮುಖ್ಯಸ್ಥ ಇಸ್ಮೆ ಮಾತ್ರ; ಮೂವರೂ ಮೊದಲ ದರ್ಜೆಯವರು. ಕೆಳಗಿನ ಅಂತಸ್ತಿನಲ್ಲಿ ಮಕ್ಕಳನ್ನು ಹಿಡಿದು ದಾರಿ ಹುಡುಕಿದವರ ಪರವಾಗಿ ಒಬ್ಬ ವಕೀಲರಿದ್ದರೇ ಹೊರತು ಅವರಲ್ಲಿ ಒಬ್ಬರನ್ನೂ ಕರೆಯಲಿಲ್ಲ. ಆದರೂ ಅವರಿಗೆ ಅನ್ಯಾಯವಾಗಿಲ್ಲವೆಂದು ವರದಿ ಹೇಳಿತು. ಹಡಗು ಇಡಿಯಾಗಿಯೇ ಮುಳುಗಿತೆಂದೂ ಅದು ಬರೆಯಿತು. ಎರಡು ತುಂಡಾದದ್ದನ್ನು ಕಣ್ಣಾರೆ ಕಂಡೆವೆಂದವರ ಮಾತಿಗಿಂತ ಅಧಿಕಾರಿಗಳ ಮಾತಿಗೆ ಬೆಲೆ ಸಿಕ್ಕಿತು. 1985ರಲ್ಲಿ ಅವಶೇಷ ಪತ್ತೆಯಾದಾಗ ಹಡಗು ಎರಡಾಗಿಯೇ ಬಿದ್ದಿತ್ತು.

ತನಿಖೆಯನ್ನು ನಿಯಂತ್ರಕರಿಂದ ಬೇರ್ಪಡಿಸಲು ಬ್ರಿಟನ್ನಿಗೆ ಮತ್ತೊಂದು ದುರಂತ ಬೇಕಾಯಿತು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರಿನ ಹೊರಗೆ, ಮುಂಬಾಗಿಲು ಮುಚ್ಚದೆ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಹಡಗು ಮಗುಚಿ 193 ಜನ ಸತ್ತರು. 1989ರಲ್ಲಿ ನೌಕಾ ಅಪಘಾತ ತನಿಖಾ ಶಾಖೆ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ದೋಷಿಯನ್ನು ಗುರುತಿಸಿ ಶಿಕ್ಷಿಸುವುದು ಅದರ ಕೆಲಸವಲ್ಲ; ಕಾರಣ ತಿಳಿದು ಮುಂದಿನದನ್ನು ತಡೆಯುವುದಷ್ಟೇ. 2010ರಿಂದ ಜಾರಿಗೆ ಬಂದ ಅಂತಾರಾಷ್ಟ್ರೀಯ ಸಂಹಿತೆಯೂ ಇದೇ ತತ್ತ್ವವನ್ನು ಒಪ್ಪಿಕೊಂಡಿದೆ.

ಈ ಹೊಸ ಶಾಖೆಯ ಮುಂದೆ ಬೇಗನೆ ಬಂದು ನಿಂತದ್ದು ಟೈಟಾನಿಕ್ಕೇ ಎಂಬುದು ವಿಚಿತ್ರ. ಆ ರಾತ್ರಿ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಕಪ್ತಾನ ಸ್ಟಾನ್ಲಿ ಲಾರ್ಡ್ ನೆರವಿಗೆ ಧಾವಿಸಲಿಲ್ಲವೆಂದು ಮರ್ಸಿ ವರದಿ ಖಂಡಿಸಿತ್ತು. ಆ ಕಪ್ತಾನ ಸಾಕ್ಷಿಯಾಗಿ ಬಂದವನೇ ಹೊರತು ಆರೋಪಿಯಾಗಿ ಅಲ್ಲ. ಅವನ ಹಡಗಿನ ಕುರಿತ ಪ್ರಶ್ನೆಯನ್ನು ಸೇರಿಸಿದ್ದು ಅವನ ಸಾಕ್ಷ್ಯ ಮುಗಿದ ಮೇಲೆ. ಅವಶೇಷ ದೊರೆತ ಜಾಗ, 1912ರಲ್ಲಿ ನಂಬಿದ್ದ ಸ್ಥಾನದಿಂದ ಸುಮಾರು 13 ಮೈಲಿ ಆಚೆಗಿದ್ದುದರಿಂದ ಮರುಪರಿಶೀಲನೆಗೆ ಆದೇಶವಾಯಿತು. ವರದಿ 1992ರಲ್ಲಿ ಬಂತು. ಇಬ್ಬರು ಪರಿಣತರು ಒಂದೇ ಸಾಕ್ಷ್ಯವನ್ನು ಓದಿದ್ದರು. ಹಡಗುಗಳ ನಡುವಿನ ಅಂತರ ಐದರಿಂದ ಏಳು ಮೈಲಿ ಎಂದು ಮೊದಲನೆಯವರು ತೀರ್ಮಾನಿಸಿದರೆ, ಹದಿನೇಳರಿಂದ ಇಪ್ಪತ್ತು ಎಂದು ಎರಡನೆಯವರು ಬರೆದರು. ಟೈಟಾನಿಕ್ಕಿನ ಸಂಕಟದ ರಾಕೆಟ್ಟುಗಳು ಕ್ಯಾಲಿಫೋರ್ನಿಯನ್ನಿನಿಂದ ಕಂಡಿದ್ದವು, ಕಂಡೂ ತಕ್ಕ ಕ್ರಮ ಕೈಗೊಳ್ಳಲಿಲ್ಲ ಎಂಬಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.