ಹಳೆಯ ಕೊಯಮತ್ತೂರು ಜಿಲ್ಲೆಯ ಒಂದು ದ್ವೀಪ

ಕಡಲನ್ನೇ ಮುಟ್ಟದ ಕೊಯಮತ್ತೂರು ಜಿಲ್ಲೆಗೆ ಒಂದು ಕಾಲದಲ್ಲಿ ದ್ವೀಪವೊಂದು ಸೇರಿದ್ದಿತೆಂದು ಹೇಳಿದರೆ ನಮ್ಮ ವಿದ್ಯಾರ್ಥಿಗಳು ನಗುತ್ತಾರೆ. ಕಾವೇರಿಯು ಎರಡು ಕವಲಾಗಿ ಒಡೆದು, ಒಂದು ಗಗನಚುಕ್ಕಿಯಾಗಿಯೂ ಇನ್ನೊಂದು ಭರಚುಕ್ಕಿಯಾಗಿಯೂ ಧುಮುಕುವುದಷ್ಟೆ. ಆ ಕವಲುಗಳ ನಡುವಣ ಶಿವನಸಮುದ್ರವೇ ಆ ದ್ವೀಪ. ಅದನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಟಿಪ್ಪುವಿನ ಪತನಾನಂತರ ಮದರಾಸು ಆಡಳಿತಕ್ಕೆ ಹೋಗಿ, 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ಅಂದು ಮೈಸೂರು ರಾಜ್ಯವನ್ನು ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ.

ಸಣ್ಣ ದ್ವೀಪಗಳಿಗೂ ಹಳ್ಳಿಗಾಡಿಗೂ ಪ್ರವಾಸಿಗರನ್ನು ಬರಮಾಡಿಕೊಳ್ಳುವುದರಿಂದ ಊರಿನವರಿಗೇನು ದೊರೆಯುತ್ತದೆಂಬ ಸಂಶೋಧನೆ ಈಗ ಬಹಳ ನಡೆಯುತ್ತಿದೆ. ಇದು ಹೊಸ ಪ್ರಶ್ನೆಯೆಂದು ಭಾವಿಸುವವರು ಶಿವನಸಮುದ್ರದ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಮಧ್ಯರಂಗನ ದರ್ಶನಕ್ಕೆ ಬರುವ ಭಕ್ತರು ಅಲ್ಲಿಗೆ ಹಿಂದಿನಿಂದಲೂ ಇದ್ದರು. ಜಲಪಾತವನ್ನು ನೋಡುವುದಕ್ಕೆಂದೇ ಬರುವವರು ಬೇರೊಂದು ವರ್ಗ. 1800ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ವರ್ಣಿಸಿದನು. ಅನಂತರ ಮೈಸೂರಿನ ರೆಸಿಡೆಂಟರಲ್ಲಿ ನೌಕರನಾಗಿದ್ದ ರಾಮಸ್ವಾಮಿ ಮೊದಲಿಯಾರನು ಶಿಥಿಲವಾಗಿದ್ದ ಸೇತುವೆಗಳನ್ನು ಮರಳಿ ಕಟ್ಟಿಸಿದನು. ನದಿಯ ಬಂಡೆಯಲ್ಲಿ ಕಲ್ಲುಕಂಬಗಳನ್ನು ನಾಟಿ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ಕೆಲಸವದು. ಸರ್ಕಾರವು ಮೆಚ್ಚಿ ಅವನಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಯೂರೋಪಿಯನ್ ಪ್ರವಾಸಿಗಳು ತಂಗಲು ಅವನು ಬಂಗಲೆಯನ್ನೂ ಕಟ್ಟಿಸಿದನು. ಸೇತುವೆಗಳಿಗಿಟ್ಟ ಹೆಸರುಗಳು ಮಾತ್ರ ದೊರೆಗಳವು: ಒಂದು ವೆಲ್ಲೆಸ್ಲಿ, ಇನ್ನೊಂದು ಲಷಿಂಗ್ಟನ್. ಮೊದಲನೆಯದನ್ನು ಜನರು ವೆಸ್ಲಿ ಸೇತುವೆಯೆಂದು ತಮ್ಮ ನಾಲಗೆಗೆ ತಕ್ಕಂತೆ ತಿದ್ದಿಕೊಂಡಿದ್ದಾರೆ.

ದಾರಿ, ಸೇತುವೆ, ತಂಗುವ ಮನೆ, ವರ್ಣನೆಯ ಪುಸ್ತಕ, ಇವಿಷ್ಟೂ ಕೂಡಿದರೆ ಪ್ರೇಕ್ಷಣೀಯ ಸ್ಥಳವೊಂದು ಸಿದ್ಧವಾದಂತೆ. ಆದರೆ 1902ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿಯ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳಿಸತೊಡಗಿತು. ಧುಮುಕಬೇಕಾದ ನೀರಿನ ಒಂದು ಪಾಲು ಕಾಲುವೆಗೆ ತಿರುಗಿತು. ನೋಡಲು ಬಂದವನಿಗೆ ನೀರು ಕಡಮೆಯಾದುದು ನಷ್ಟವೆಂದು ತೋರಬಹುದು. ಊರಿನವನಿಗೆ ಅದೇ ಕೂಲಿಯೂ ಬೆಳಕೂ ಆಗಿದ್ದಿರಬಹುದು. ಪ್ರವಾಸದ ಲಾಭನಷ್ಟವನ್ನು ಬಂದುಹೋಗುವವನ ಕಣ್ಣಿನಿಂದ ಮಾತ್ರ ಅಳೆಯಬಾರದೆಂದು ನಾವು ಹೇಳುವುದು ಇದಕ್ಕಾಗಿ.

ಇಂತಹ ಚರಿತ್ರೆಯನ್ನು ಬರೆಯಲು ಗಡಿಯ ಉಪಾಧ್ಯಾಯನಿಗಿಂತ ತಕ್ಕವನಿಲ್ಲ. ಈ ದ್ವೀಪದ ಹಳೆಯ ಕಾಗದಪತ್ರಗಳನ್ನು ಬೆಂಗಳೂರು ಮೈಸೂರುಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಕೊಯಮತ್ತೂರು ಜಿಲ್ಲೆಯ ದಾಖಲೆಗಳು ಚೆನ್ನೈನ ಪತ್ರಾಗಾರದಲ್ಲಿವೆ. 1887ರಲ್ಲಿ ಪ್ರಕಟವಾದ ನಿಕೋಲ್ಸನ್ನನ ಜಿಲ್ಲಾ ಕೈಪಿಡಿಯನ್ನಂತೂ ಮರೆಯಬಾರದು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಓದಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗರ, ಒಕ್ಕಲಿಗರ ಮಕ್ಕಳೂ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

ದೊರೆಗಳ, ಜಹಗೀರುದಾರರ ಹೆಸರನ್ನು ಗ್ರಂಥಗಳು ಉಳಿಸಿಕೊಂಡಿವೆ. ಬಂಗಲೆಯಲ್ಲಿ ಒಲೆ ಹೊತ್ತಿಸಿದವರನ್ನೂ, ದಾರಿ ತೋರಿಸಿದವರನ್ನೂ, ಹರಿಗೋಲು ಹಾಕಿದವರನ್ನೂ ಉಳಿಸುವುದು ಗ್ಯಾಸೆಟಿಯರಿನ ಪದ್ಧತಿಯಲ್ಲ. ಆ ಕಾಲದವರನ್ನು ನಾವಿನ್ನು ಕೇಳಲಾರೆವು. ಆದರೆ ಇಂದಿನವರು ನಮ್ಮ ಕಣ್ಣೆದುರಿಗಿದ್ದಾರೆ. ಕಾರಮಡೆಯ ಆಚೆ, ಪಿಲ್ಲೂರು ಅಣೆಯ ಹಿನ್ನೀರಿನ ಬರಳಿಕಾಡಿನಲ್ಲಿ ಅರಣ್ಯ ಇಲಾಖೆಯು ಇರುಳರನ್ನು ಕೂಡಿಕೊಂಡು ಪ್ರವಾಸದ ಏರ್ಪಾಡೊಂದನ್ನು ನಡೆಸಿಕೊಂಡು ಬಂದಿದೆ. ಊರಿನ ಗಂಡಸರು ಹರಿಗೋಲನ್ನು ನಡೆಸುತ್ತಾರೆ, ಹೆಂಗಸರು ಅಡಿಗೆ ಮಾಡಿ ಬಡಿಸುತ್ತಾರೆ. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾದಾಗ ಉಡುಮಲೈಪೇಟೆಯ ಕಡೆಯ ತಿರುಮೂರ್ತಿ ಬೆಟ್ಟವೂ ಅಮರಾವತಿ ಅಣೆಯೂ ಅದರ ಪಾಲಿಗೆ ಬಂದವು. ಅಲ್ಲಿಯೂ ಜನರು ಬರುತ್ತಾರೆ, ಅಂಗಡಿಗಳು ಏಳುತ್ತವೆ.

ಇಲ್ಲಿ ಸಂಶೋಧಕನು ಮೊದಲು ಎಣಿಸಬೇಕಾದುದು ಬಂದ ಬಸ್ಸುಗಳನ್ನಲ್ಲ. ಹರಿಗೋಲು ಯಾರದು, ಬಾಡಿಗೆಯಲ್ಲಿ ಹುಟ್ಟು ಹಾಕಿದವನಿಗೆಷ್ಟು, ಮಳೆಗಾಲದಲ್ಲಿ ಪ್ರವಾಸಿಗರು ಬರದಿದ್ದರೆ ಆ ಮನೆಯ ಒಲೆ ಹೇಗೆ ಉರಿಯುತ್ತದೆ, ಬಡಿಸುವ ದಿನ ಹೆಣ್ಣುಮಕ್ಕಳು ಶಾಲೆಗೆ ಬರುತ್ತಾರೆಯೆ, ಹಿರಿಯರು ಹೇಳುವ ಹಳ್ಳಕೊಳ್ಳಗಳ ಹೆಸರೇನು, ಫಲಕದಲ್ಲಿ ಬರೆದಿರುವ ಹೆಸರೇನು? ಇವನ್ನು ಕೇಳಿ, ಹೇಳಿದವರ ಮಾತಿನಲ್ಲಿಯೇ ತಾರೀಖಿನೊಡನೆ ಬರೆದಿಡಲು ಒಂದು ನೋಟುಬುಕ್ಕು ಸಾಕು. ಇದನ್ನು ಮೇಲ್ತರಗತಿಯ ಮಕ್ಕಳಿಂದ ಬೇಸಗೆಯ ರಜೆಯಲ್ಲಿಯೇ ಆರಂಭಿಸಬಹುದು.