ಚಿಕಾಗೋದಲ್ಲಿದ್ದು ಕನ್ನಡದಲ್ಲಿ ಕಥೆ ಹೇಳಿದವರು

ಅಮೇರಿಕೆಯ ಕಥೆಗಾರರೆಂದೊಡನೆ ನಮ್ಮ ವಾಚಕರಿಗೆ ಹೆಮಿಂಗ್ವೇ, ಫಾಕ್ನರ್, ಸ್ಟೈನ್‌ಬೆಕ್ ಇವರ ಹೆಸರುಗಳು ನೆನಪಾಗುವುದು ಸಹಜ. ಅವರ ಕೃತಿಗಳನ್ನು ಓದಿ ನಾವು ಮೆಚ್ಚಿದ್ದೇವೆ. ಕೆಲವರು ಅವರಂತೆ ಬರೆಯಲು ಹೋಗಿ ಕೈಸುಟ್ಟುಕೊಂಡಿದ್ದೂ ಉಂಟು. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಅಮೇರಿಕೆಯಲ್ಲಿ ಬಾಳಿ, ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಅಲ್ಲಿಯೇ ತೀರಿಕೊಂಡ ಒಬ್ಬ ಸಾಹಿತಿ ತನ್ನ ಕಥೆ ಕಾದಂಬರಿಗಳಿಗೆ ಮಾತ್ರ ಕನ್ನಡವನ್ನೇ ಆರಿಸಿಕೊಂಡರೆಂಬ ಮಾತು ನಮ್ಮಲ್ಲಿ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಅವರೇ ಎ. ಕೆ. ರಾಮಾನುಜನ್. ಹೊರಗಿನವರಿಗೆ ಅವರು ಇಂಗ್ಲಿಷ್ ಕವಿ, ಭಾಷಾಂತರಕಾರ, ಜಾನಪದ ವಿದ್ವಾಂಸ. ಈ ಮೂರೂ ನಿಜವೇ. ಆದರೆ ಕಥೆಗಾರ ರಾಮಾನುಜನ್ ಇವರೆಲ್ಲರ ನೆರಳಿನಲ್ಲಿ ಮರೆಯಾಗಿ ಕುಳಿತಿದ್ದಾರೆ. ಆ ಕಥೆಗಾರನ ಮಾತನ್ನೇ ಇಲ್ಲಿ ಆಡಬೇಕೆಂದಿದ್ದೇನೆ.

ಅವರು ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ಮನೆಮಾತು ತಮಿಳು. ತಂದೆ ಅತ್ತಿಪಟ್ಟು ಆಸೂರಿ ಕೃಷ್ಣಸ್ವಾಮಿಯವರು ಗಣಿತದ ಪ್ರಾಧ್ಯಾಪಕರು, ಖಗೋಲ ಶಾಸ್ತ್ರ ಬಲ್ಲವರು. ಅಷ್ಟೇ ಅಲ್ಲ, ಜಾತಕ ನೋಡುವವರೂ ಹೌದು. ಎರಡನ್ನೂ ಹೇಗೆ ನಂಬುತ್ತೀರಿ ಎಂದು ಮಗ ಕೇಳಿದ್ದಕ್ಕೆ, ಮೆದುಳಿಗೆ ಎರಡು ಹೋಳುಗಳಿವೆಯಲ್ಲ ಎಂದು ನಕ್ಕು ಬಿಟ್ಟ ತಂದೆ. ಮಹಡಿಯ ಮೇಲೆ ತಂದೆಯ ಇಂಗ್ಲಿಷು, ಕೆಳಗೆ ಅಡಿಗೆಮನೆಯಲ್ಲಿ ತಾಯಿಯ ತಮಿಳು, ಬಾಗಿಲು ದಾಟಿದರೆ ಬೀದಿಯ ಕನ್ನಡ. ರಾಮಾನುಜನ್ನರೇ ತಮ್ಮ ಬಾಲ್ಯವನ್ನು ಹೀಗೆ ಮೂರು ಪಾಲು ಮಾಡಿ ತೋರಿಸಿದ್ದಾರೆ. ಮಕ್ಕಳಿಗೆ ಕೈತುತ್ತು ಹಾಕುತ್ತ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದ ಕಥೆಗಳೇ ಅವರ ಮೊದಲ ಸಾಹಿತ್ಯ. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ಎಂ. ಎ. ಪದವಿಯೂ ಅದರಲ್ಲೇ.

ಮುಂದೆ ಕೊಲ್ಲಂ, ಬೆಳಗಾವಿ, ಬಡೋದೆಗಳಲ್ಲಿ ಅಧ್ಯಾಪಕ ವೃತ್ತಿ. ಇವುಗಳಲ್ಲಿ ಬೆಳಗಾವಿಯ ವರ್ಷಗಳು ನಮ್ಮ ಭಾಗದವರಿಗೆ ಮುಖ್ಯವಾದವು. 1950ರ ದಶಕದಲ್ಲಿ ಅವರು ಅಲ್ಲಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಏಕೀಕರಣ ಇನ್ನೂ ಆಗಿರಲಿಲ್ಲ. ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರಿನ ನಯವಾದ ಕನ್ನಡ ಕೇಳಿ ಬೆಳೆದ ಕಿವಿಗೆ ನಮ್ಮ ಕಡೆಯ ‘ಹೌದ್ರಿ’, ‘ಬ್ಯಾಡ್ರಿ’ಗಳು ಮೊದಲು ಒರಟೆನಿಸಿರಬಹುದು. ಆದರೆ ಆ ತರುಣ ಉಪನ್ಯಾಸಕ ಷೇಕ್ಸ್‌ಪಿಯರನನ್ನು ಪಾಠ ಹೇಳಿ ಮನೆಗೆ ಹೋಗಿ ಸುಮ್ಮನೆ ಕೂಡಲಿಲ್ಲ. ಗಾದೆಗಳನ್ನು ಬರೆದುಕೊಂಡರು, ಕಥೆಗಳನ್ನು ಕೂಡಿಹಾಕಿದರು. 1955ರಲ್ಲಿ ಧಾರವಾಡದಲ್ಲಿ ಪ್ರಕಟವಾದ ‘ಗಾದೆಗಳು’ ಎಂಬ ಕಿರುಹೊತ್ತಗೆ ಅವರ ಮೊದಲ ಕನ್ನಡ ಪುಸ್ತಕ. ಮುಂದೆ ಜಗತ್ತಿಗೆ ಜಾನಪದ ವಿದ್ವಾಂಸನಾಗಿ ಕಂಡ ಮನುಷ್ಯ ಕೈಪಳಗಿಸಿಕೊಂಡದ್ದು ನಮ್ಮ ಪಕ್ಕದ ಜಿಲ್ಲೆಯಲ್ಲಿ. ಇದನ್ನು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬ ಬಂದರೆ ವಾಚಕರು ಕ್ಷಮಿಸಬೇಕು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತು 1959ರಲ್ಲಿ ಅಮೇರಿಕೆಗೆ ಹೋದರು. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬರೆದ ಮಹಾಪ್ರಬಂಧ ಕನ್ನಡ ವ್ಯಾಕರಣವನ್ನೇ ಕುರಿತದ್ದು. 1963ರಲ್ಲಿ ಡಾಕ್ಟರೇಟ್ ಬಂದಿತು. ಅಷ್ಟರಲ್ಲಿ, 1962ರಲ್ಲೇ, ಚಿಕಾಗೋ ವಿಶ್ವವಿದ್ಯಾಲಯ ಸೇರಿದ್ದರು. ಅದರ ನಂಟು ಕೊನೆಯವರೆಗೂ ಬಿಡಲಿಲ್ಲ. 1966ರಿಂದ ಇಂಗ್ಲಿಷ್ ಕವನ ಸಂಗ್ರಹಗಳು, 1967ರಿಂದ ಸಂಗಂ ತಮಿಳಿನ ಅನುವಾದಗಳು, 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ದ ಇಂಗ್ಲಿಷ್ ರೂಪ, ಅದೇ ವರ್ಷ ಪದ್ಮಶ್ರೀ, 1983ರಲ್ಲಿ ಮ್ಯಾಕ್ ಆರ್ಥರ್ ಫೆಲೋಶಿಪ್. ಈ ಪಟ್ಟಿಯನ್ನು ಬೆಳೆಸುವುದು ಕಷ್ಟವಲ್ಲ. ನನ್ನ ಗಮನವಿರುವುದು ಬೇರೆ ಕಡೆಗೆ.

‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಅವರ ಸಣ್ಣಕಥೆಯನ್ನು ಓದದ ಕನ್ನಡ ವಿದ್ಯಾರ್ಥಿ ವಿರಳ. ಅಣ್ಣಯ್ಯ ಮೈಸೂರಿನ ಬ್ರಾಹ್ಮಣ ತರುಣ, ಹೆಚ್ಚಿನ ಓದಿಗಾಗಿ ಅಮೇರಿಕೆಗೆ ಬಂದವನು. ಊರಿನಲ್ಲಿದ್ದಾಗ ಪಶ್ಚಿಮದ ಪುಸ್ತಕಗಳನ್ನೇ ಓದುತ್ತಿದ್ದವನಿಗೆ ಇಲ್ಲಿ ಬಂದ ಮೇಲೆ ಹಿಂದೂಗಳ ಆಚಾರ ವಿಚಾರಗಳ ಹುಚ್ಚು ಹಿಡಿಯುತ್ತದೆ. ಅಜ್ಜಿಯ ಮಡಿ ಮೈಲಿಗೆಗಳೆಲ್ಲ ಅಮೇರಿಕದ ಪಂಡಿತರ ಗ್ರಂಥಗಳಲ್ಲಿ ಶಾಸ್ತ್ರವಾಗಿ ಕಾಣಿಸಿದಾಗ ಅವನಿಗೆ ಹಿಗ್ಗೋ ಹಿಗ್ಗು. ಒಂದು ದಿನ ಗ್ರಂಥಾಲಯದಲ್ಲಿ ಹಿಂದೂ ಸಂಸ್ಕಾರಗಳ ಮೇಲಿನ ಹೊಸ ಪುಸ್ತಕವೊಂದು ಕೈಗೆ ಬರುತ್ತದೆ. ಮೈಸೂರಿನಲ್ಲೇ ತೆಗೆದ ಫೋಟೋಗಳು. ತೆಗೆದವನು ತನ್ನದೇ ದಾಯಾದಿ ಸುಂದರರಾಯ. ಪರಿಚಿತವಾದ ಮನೆ, ಪರಿಚಿತವಾದ ಮುಖಗಳು. ಶವಸಂಸ್ಕಾರದ ಚಿತ್ರವೊಂದನ್ನು ನೋಡುತ್ತಾನೆ, ಮತ್ತೆ ನೋಡುತ್ತಾನೆ. ಚಟ್ಟದ ಮೇಲಿರುವುದು ತನ್ನ ತಂದೆ. ಮುಂದೆ ವಿಧವೆಯರ ಕೇಶಮುಂಡನದ ಪ್ರಕರಣ. ಅಲ್ಲಿರುವುದು ತನ್ನ ತಾಯಿ. ದೂರದೇಶದಲ್ಲಿರುವ ಮಗ ಎದೆಗೆಡಬಾರದೆಂದು ಮನೆಯವರು ಸುದ್ದಿ ಮುಚ್ಚಿಟ್ಟಿದ್ದರು. ತಂದೆಯ ಸಾವನ್ನು ಮಗ ತಿಳಿದದ್ದು ಒಂದು ಅಧ್ಯಯನ ಗ್ರಂಥದ ಪುಟದಿಂದ!

ನಾನು ಈ ಕಥೆಯನ್ನು ಅನೇಕ ವರ್ಷ ತರಗತಿಯಲ್ಲಿ ಓದಿಸಿದ್ದೇನೆ. ಮೊದಲರ್ಧದಲ್ಲಿ ಹುಡುಗರು ನಗುತ್ತಾರೆ. ಕೊನೆಗೆ ಬೆಂಚುಗಳ ಸದ್ದೂ ನಿಲ್ಲುತ್ತದೆ. ಇದು ಮನೆ ಬಿಟ್ಟವನ ಅಜ್ಞಾನವನ್ನು ಅಣಕಿಸುವ ಕಥೆ ಎಂದು ವಿಮರ್ಶಕರು ಹೇಳುವುದುಂಟು. ಅಷ್ಟಕ್ಕೇ ನಿಲ್ಲಿಸಿದರೆ ಕಥೆಗಾರನ ಧೈರ್ಯ ನಮಗೆ ಕಾಣಲಾರದು. ನಮ್ಮ ಅಜ್ಜಿಯರ ಮಾತನ್ನು ಬರೆದುಕೊಂಡು, ಚಿಕಾಗೋಕ್ಕೆ ಒಯ್ದು, ಅಂದವಾದ ಇಂಗ್ಲಿಷ್ ಪುಸ್ತಕ ಮಾಡಿದವರು ಯಾರು? ರಾಮಾನುಜನ್ನರೇ ಅಲ್ಲವೆ! ಅಂದ ಮೇಲೆ ಅವರು ಕಥೆಯೊಳಗಿನ ಅಣ್ಣಯ್ಯನೂ ಹೌದು, ಅಣ್ಣಯ್ಯ ಓದಿದ ಪುಸ್ತಕ ಬರೆದ ಪಂಡಿತನೂ ಹೌದು. ತನ್ನ ಉದ್ಯೋಗವನ್ನೇ ಕಟಕಟೆಗೆ ತಂದು ನಿಲ್ಲಿಸಿದ ಕಥೆ ಇದು. ಆ ಕಟಕಟೆ ಇದ್ದದ್ದು ಅವರ ಸಹೋದ್ಯೋಗಿಗಳು ಓದಲಾರದ ಭಾಷೆಯಲ್ಲಿ, ಫೋಟೋದೊಳಗಿನ ಜನ ಓದಬಲ್ಲ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಅವರಿಗೆ ಏನೂ ಅಡ್ಡಿ ಇರಲಿಲ್ಲ. ಆದರೂ ಕನ್ನಡದಲ್ಲಿ ಬರೆದರು. ಆ ಕಥೆ ಇಂಗ್ಲಿಷಿಗೆ ಹೋದದ್ದು ಆಮೇಲೆ, ಬೇರೆಯವರ ಅನುವಾದದಲ್ಲಿ.

ಈ ಪ್ರಶ್ನೆ ನಮ್ಮ ಜಿಲ್ಲೆಗೂ ಸಂಬಂಧಿಸಿದ್ದೇ. 1973ರಲ್ಲಿ ಪೆಂಗ್ವಿನ್ ಸಂಸ್ಥೆ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ರಾಮಾನುಜನ್ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ಜಗತ್ತಿನ ಓದುಗರು ವಚನಗಳಿಗೆ ಕಿವಿಗೊಟ್ಟದ್ದು ಹೆಚ್ಚಾಗಿ ಈ ಪುಸ್ತಕದಿಂದ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯದು. ವಚನಗಳ ತಾಡವೋಲೆಗಳನ್ನು ಹುಡುಕಿ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಪ್ರಾರಂಭಿಸಿ, ವಕೀಲಿಯ ಗಳಿಕೆಯನ್ನೆಲ್ಲ ಅಚ್ಚುಕೂಟಕ್ಕೆ ಸುರಿದ ಫ. ಗು. ಹಳಕಟ್ಟಿಯವರು ಈ ಊರಿನಲ್ಲೇ 1964ರಲ್ಲಿ ಕಣ್ಣು ಮುಚ್ಚಿದರು. ಇಂಥವರ ದುಡಿಮೆ ಇಲ್ಲದಿದ್ದರೆ ಅನುವಾದಕನಿಗೆ ವಚನಗಳೆಲ್ಲಿ ಸಿಗುತ್ತಿದ್ದವು? ಅನುವಾದದ ಬಗ್ಗೆ ಆಕ್ಷೇಪಗಳೂ ಬಂದವು. ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಗ್ರಂಥದಲ್ಲಿ, ಇಲ್ಲಿ ವಚನಗಳು ಪಶ್ಚಿಮದ ಓದುಗನಿಗೆ ಒಗ್ಗುವ ನವ್ಯ ಕವಿತೆಗಳಾಗಿವೆ ಎಂಬರ್ಥದ ಟೀಕೆ ಮಾಡಿದ್ದಾರೆ. ಒಂದೇ ಉಸಿರಿನಲ್ಲಿ ಆಡಬೇಕಾದ ಮಾತನ್ನು ಅನುವಾದಕ ತುಂಡು ತುಂಡು ಸಾಲುಗಳಾಗಿ ಒಡೆದಿದ್ದಾರೆಂಬುದು ನನಗೂ ಅನಿಸಿದೆ. ಆದರೂ ಆ ಪುಸ್ತಕದ ಮುನ್ನುಡಿಯಲ್ಲಿ ಸ್ಥಾವರ ಜಂಗಮಗಳನ್ನು ಅವರು ಬಿಡಿಸಿ ಹೇಳಿದ ರೀತಿಗೆ ಸಾಟಿಯಾದ ಬರಹ ಕನ್ನಡದಲ್ಲೂ ಹೆಚ್ಚಿಲ್ಲ.

ಇನ್ನು ಜನಪದ ಕಥೆ. ಅವರು ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಒಂದು ನನಗೆ ಬಹಳ ಪ್ರಿಯ. ಒಬ್ಬ ಹೆಣ್ಣುಮಗಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಆಕೆ ಮಲಗಿದಾಗ ಬಾಯಿಂದ ಹೊರಬಿದ್ದು, ಕಥೆ ಬಾಗಿಲ ಬಳಿ ಒಂದು ಜೊತೆ ಜೋಡಾಗಿಯೂ ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಗಿಯೂ ಕುಳಿತವು. ಗಂಡ ಬಂದು ನೋಡಿ, ಯಾರವೆಂದು ಕೇಳಿ ಜಗಳ ತೆಗೆದ. ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಕೂಡಿ ಮಾತಾಡುವ ರೂಢಿ. ತಡವಾಗಿ ಬಂದ ಜ್ಯೋತಿಯೊಂದು ತನ್ನ ಮನೆಯ ಜಗಳದ ಕಾರಣವನ್ನು ಹೇಳಿತು. ಗಂಡ ಕೇಳಿಸಿಕೊಂಡು ಮನೆಗೆ ಹೋಗಿ ವಿಚಾರಿಸಿದರೆ ಹೆಂಡತಿ ಕಥೆಯನ್ನೂ ಹಾಡನ್ನೂ ಮರೆತೇಬಿಟ್ಟಿದ್ದಳು.

ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭದಲ್ಲಿ ಗುಡಿಗೆ ಬರುವ ಜ್ಯೋತಿಗಳು ಇವೇ. ನಾಟಕದ ಕಥಾವಸ್ತು ತಮಗೆ ರಾಮಾನುಜನ್ನರಿಂದ ಬಂದದ್ದೆಂದು ಕಾರ್ನಾಡರು ಒಪ್ಪಿಕೊಂಡಿದ್ದಾರೆ. ಆ ನಾಟಕ ಹುಟ್ಟಿದ್ದು ಅವರು ಚಿಕಾಗೋ ವಿಶ್ವವಿದ್ಯಾಲಯಕ್ಕೆ ಸಂದರ್ಶಕರಾಗಿ ಹೋಗಿದ್ದಾಗ, ಪ್ರಕಟವಾದದ್ದು 1988ರಲ್ಲಿ. ಕನ್ನಡನಾಡಿನ ಅಡಿಗೆಮನೆಯಿಂದ ಹೊರಟ ಕಥೆ ಚಿಕಾಗೋಕ್ಕೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ರಂಗಭೂಮಿಗೆ ಬಂದಿತು. ಅವರು ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆ, ಹೂವಿನ ಗಿಡವಾಗಬಲ್ಲ ಹುಡುಗಿಯದು, 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೇರಿಕದ ಸಂಗೀತಗಾರನ ಕೈಯಲ್ಲಿ ಆಪೆರಾ ಆಗಿ ವಿಯೆನ್ನಾದಲ್ಲಿ ಪ್ರಯೋಗಗೊಂಡಿತು.

ಕಥೆಗಳು ಹೀಗೆ ತಿರುಗಾಡುವುದು ಎಲ್ಲರಿಗೂ ಹಿಡಿಸುವುದಿಲ್ಲ. ರಾಮಾಯಣಗಳ ಬಹುರೂಪಗಳನ್ನು ಕುರಿತ ಅವರ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟಿತು. ಪರ ವಿರೋಧದ ಗದ್ದಲ ಬಹಳ ದಿನ ನಡೆಯಿತು. ಗದ್ದಲ ಮಾಡಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದರೋ! ಅದರೊಳಗೆ ಕನ್ನಡದ ಜನಪದ ರಾಮಾಯಣವೊಂದರ ಪ್ರಸಂಗವಿದೆ. ಅಲ್ಲಿ ರಾವಣನೇ ಬಸಿರಾಗಿ, ಸೀತಾಗ ಹುಟ್ಟಿದ ಮಗಳು ಸೀತೆ. ಈ ಶ್ಲೇಷೆ ಕನ್ನಡದಲ್ಲಿ ಮಾತ್ರ ಸಾಧ್ಯ. ದೆಹಲಿಯವರಿಗೆ ಅದನ್ನು ವಿವರಿಸಿ ಹೇಳಬೇಕು. ನಮ್ಮವರು ಕೇಳಿದೊಡನೆ ನಗುತ್ತಾರೆ.

ಅವರ ಸ್ವಂತ ಕಾದಂಬರಿ ಒಂದೇ, ಅದೂ ಕಿರಿದು. ‘ಮತ್ತೊಬ್ಬನ ಆತ್ಮಚರಿತ್ರೆ’, 1978, ಧಾರವಾಡದ ಮನೋಹರ ಗ್ರಂಥಮಾಲೆಯ ಪ್ರಕಟಣೆ. ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಮೊದಲಾದ ಕನ್ನಡ ಕವನ ಸಂಗ್ರಹಗಳೂ ಅಲ್ಲಿಂದಲೇ ಬಂದವು. ಆತ್ಮಚರಿತ್ರೆಯೆಂದ ಮೇಲೆ ಅದು ಮತ್ತೊಬ್ಬನದು ಹೇಗಾದೀತು? ಹೆಸರಿನಲ್ಲೇ ಒಗಟು. ಅಣ್ಣಯ್ಯನ ಕಥೆಯಲ್ಲಿ ಎದ್ದ ಪ್ರಶ್ನೆ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಸಣ್ಣಕಥೆಯ ಬಿಗಿ ಇಲ್ಲಿ ಸಡಿಲಾಗಿದೆ ಎಂದೇ ನನ್ನ ಅಭಿಪ್ರಾಯ. ಹಾಗಿದ್ದರೂ ಇದರ ನಂತರ ಇನ್ನೆರಡು ಕಾದಂಬರಿಗಳನ್ನು ಅವರು ಬರೆಯಬೇಕಾಗಿತ್ತೆಂಬ ಆಸೆ ಬಿಡುವುದಿಲ್ಲ.

1993ರ ಜುಲೈ 13ರಂದು ಚಿಕಾಗೋದಲ್ಲಿ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ ಅದು ಮೈಗೆ ಒಗ್ಗದೆ ಅವರು ತೀರಿಕೊಂಡರು. ವಯಸ್ಸು 64. ಕನ್ನಡದ ಎಪ್ಪತ್ತೇಳು ಜನಪದ ಕಥೆಗಳ ಸಂಗ್ರಹ ಅವರು ಹೋದ ನಾಲ್ಕು ವರ್ಷಕ್ಕೆ, 1997ರಲ್ಲಿ, ಅಮೇರಿಕೆಯಲ್ಲಿ ಅಚ್ಚಾಯಿತು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1999ರಲ್ಲಿ, ಅದೂ ಇಂಗ್ಲಿಷ್ ಕವಿತೆಗಳಿಗೆ.

ಪ್ರತಿವರ್ಷ ಅಣ್ಣಯ್ಯನ ಕಥೆ ಮುಗಿದ ಮೇಲೆ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚುತ್ತೇನೆ: ಮನೆಯಲ್ಲಿ ಹಿರಿಯರಿಂದ ಒಂದು ಕಥೆ ಕೇಳಿ, ಅವರು ಹೇಳಿದಂತೆಯೇ ಬರೆದು ತನ್ನಿರಿ. ಟಿಕೋಟಾ, ಬಬಲೇಶ್ವರ, ನಮ್ಮ ಹೊನವಾಡದ ಕಡೆಯ ಮಕ್ಕಳೇ ಹೆಚ್ಚು. ಕೆಲವರು ಮೊಬೈಲಿನಿಂದ ನಕಲು ಮಾಡಿ ತರುತ್ತಾರೆ. ಅದು ಎರಡನೆಯ ಸಾಲಿನಲ್ಲೇ ತಿಳಿದುಬಿಡುತ್ತದೆ. ಈಚೆಗೆ ಹೊನವಾಡದ ಹುಡುಗಿಯೊಬ್ಬಳು ಹನ್ನೊಂದು ಪುಟ ಬರೆದು ತಂದಳು. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ತಿದ್ದುಪಡಿಗಳಿದ್ದವು. ಯಾರು ತಿದ್ದಿದರೆಂದು ಕೇಳಿದೆ. “ನಮ್ಮ ಆಯಿರಿ, ಸರ್,” ಎಂದಳು. “ಅಕಿಗೆ ಓದಾಕ ಬರೂದುಲ್ಲ. ಬರದಾದ ಮ್ಯಾಲ ನಾನ ಓದಿ ಹೇಳಿದ್ಯಾ. ‘ಇಲ್ಲಿ ತಪ್ಪೈತಿ, ನಾ ಹಿಂಗ ಅಂದಿಲ್ಲ’ ಅಂತ ಎಲ್ಲಾ ತಿದ್ದಿಸ್ಯಾಳ್ರಿ.”